ವಿಶ್ವದ ವಯಸ್ಸು, ಬೆಟ್ಟದ ವಯಸ್ಸು



ಇಷ್ಟು ಮಳೆಗಾಲ ಕಂಡವರೆಂದು ಹಿರಿಯರ ವಯಸ್ಸನ್ನು ಹೇಳುವುದು ಮಲೆನಾಡಿನಲ್ಲಿ ಉಂಟು. ವಿಶ್ವದ ವಯಸ್ಸಾದರೋ ಸುಮಾರು 1380 ಕೋಟಿ ವರ್ಷ. ಸೂರ್ಯನಿಗೆ 460 ಕೋಟಿ; ಭೂಮಿಗೆ ತುಸು ಕಡಿಮೆ, 454 ಕೋಟಿ. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು 1956ರಲ್ಲಿ ಭೂಮಿಯ ವಯಸ್ಸನ್ನು ಪ್ರಕಟಿಸಿದವರು ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್.

ವಿಶ್ವವನ್ನು ತೊಂಬತ್ತು ವರ್ಷದ ಅಜ್ಜಿಯೆಂದು ಭಾವಿಸಿದರೆ ಸೂರ್ಯ, ಭೂಮಿಗಳು ಮೂವತ್ತರ ಮೊಮ್ಮಕ್ಕಳು. ಸುಮಾರು 3 ಲಕ್ಷ ವರ್ಷಗಳ ಹಿಂದೆ ಕಾಣಿಸಿಕೊಂಡ ಮಾನವನು ಇನ್ನೂ ಒಂದು ದಿನ ತುಂಬದ ಕೂಸು.

ನಕ್ಷತ್ರಗಳ ಆಯುಷ್ಯ ಒಂದೇ ತೆರನಾದುದಲ್ಲ. ಸುಮಾರು 1300 ಕೋಟಿ ವರ್ಷಗಳಿಂದ ಉರಿಯುತ್ತಿರುವವೂ ಇವೆ. ಬಲು ದೊಡ್ಡವು ತಮ್ಮ ಇಂಧನವನ್ನು ಬೇಗನೆ ಮುಗಿಸಿ ಕೆಲವೇ ಕೋಟಿ ವರ್ಷಗಳೊಳಗೆ ಸಿಡಿಯುತ್ತವೆ. ಕಬ್ಬಿಣವು ಬಾಹ್ಯಾಕಾಶಕ್ಕೆ ಚೆಲ್ಲಿದ್ದು ನಕ್ಷತ್ರಗಳ ಸಿಡಿತಗಳಿಂದಲೇ. ಆದುದರಿಂದ ಕುದುರೆಮುಖದ ಅದಿರಿನಲ್ಲಿರುವ ಕಬ್ಬಿಣವು ಸೂರ್ಯನಿಗಿಂತಲೂ ಹಿರಿಯದು. ಅದು ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲೆಗೊಂಡದ್ದು 250 ಕೋಟಿ ವರ್ಷಗಳಿಗೂ ಹಿಂದೆ.

ಅಲ್ಲಿ 1980ರ ಸುಮಾರಿಗೆ ಆರಂಭವಾದ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅಜ್ಜಿಯ ಲೆಕ್ಕದಲ್ಲಿ ಇದು ಐದು ಸೆಕೆಂಡು. ಅಷ್ಟರಲ್ಲಿ ಬೆಟ್ಟ ತಗ್ಗಿತು, ಹೂಳು ಭದ್ರೆಗಿಳಿಯಿತು.

ಒಂದು ಅಂಗುಲ ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಬೇಕು. ಬೋಳು ಗುಡ್ಡದಿಂದ ಅದು ಕೊಚ್ಚಿಹೋಗಲು ಕೆಲವು ಮಳೆಗಾಲ ಸಾಕು. ಗುಡ್ಡಕ್ಕೆ ಯಂತ್ರ ಬರುವ ಮುನ್ನ ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಹೇಳುವ ಕೆಲಸ ವಿದ್ಯಾರ್ಥಿಗಳದಾಗಲಿ.