ಅರಳಿಕಟ್ಟೆಯಲ್ಲಿ ಅರ್ಧ ಗಂಟೆ
(ಉತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಅರಳಿಕಟ್ಟೆಗೆ ಬಂದ ಭಕ್ತರು ಪ್ರದಕ್ಷಿಣೆ ಹಾಕುತ್ತಾರೆ, ದಾರ ಸುತ್ತುತ್ತಾರೆ, ನಾಗರಕಲ್ಲಿಗೆ ಹಾಲೆರೆಯುತ್ತಾರೆ. ಅಷ್ಟಾದ ಮೇಲೆ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ. ಮರದ ಮಾತು ಕೇಳಲು ಕೂರುವವರು ಕಡಿಮೆ.

ಉಳಿದ ಮರಗಳು ಸುಮ್ಮನಿದ್ದಾಗಲೂ ಅರಳಿ ಎಲೆ ಅಲುಗುತ್ತಿರುವುದನ್ನು ಕಂಬದೂರಿನ ಮಕ್ಕಳೂ ಬಲ್ಲರು. ಅದರ ಎಲೆ ಅಗಲ, ತೊಟ್ಟು ಉದ್ದ ಮತ್ತು ಸಪೂರ. ಆದ್ದರಿಂದ ಸಣ್ಣ ಗಾಳಿಗೂ ಎಲೆಗೆ ಎಲೆ ತಗುಲಿ, ದೂರದಲ್ಲಿ ಮಳೆ ಬಂದಂತೆ ಸದ್ದಾಗುತ್ತದೆ. ಬೇವಿನದು ಇಷ್ಟು ಜೋರಲ್ಲ. ಬಾಗೆಮರದ ಒಣಕಾಯಿಗಳೊಳಗೆ ಬೀಜ ಗಲಗಲ ಎನ್ನುತ್ತದೆ. ಹುಣಸೆಯೋ, ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ನಾಲ್ಕು ದಿನ ಕೂತು ಕೇಳಿದರೆ, ಕಣ್ಣು ಮುಚ್ಚಿಯೇ ಇಂಥ ಮರವೆಂದು ಹೇಳಬಹುದು.

ದಕ್ಷಿಣಾಮೂರ್ತಿ ಸ್ವಾಮಿ ಆಲದ ಮರದ ಕೆಳಗೆ ಮೌನದಿಂದಲೇ ಶಿಷ್ಯರಿಗೆ ಉಪದೇಶ ಮಾಡಿದನು. ಅಂಥ ಆಲಕ್ಕೆ ಈ ಸೀಮೆ ಹೆಸರುವಾಸಿ. ಕದಿರಿ ಸಮೀಪದ ತಿಮ್ಮಮ್ಮನ ಆಲದ ಮರ 5 ಎಕರೆಗೂ ಮೀರಿ ಹರಡಿ, 1989ರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. ನೋಡಲು ಹೋದವರು ಅಲ್ಲಿಯೂ ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲೇ ಇರುತ್ತಾರೆ.

ಕೇಳಿಸದ ಸದ್ದೂ ಒಂದುಂಟು. 2023ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಸಂಶೋಧನೆ ಪ್ರಕಟಿಸಿದರು. ನೀರಿಲ್ಲದೆ ಬಾಡುವ ಟೊಮೆಟೊ, ತಂಬಾಕು ಗಿಡಗಳು ಗಂಟೆಗೆ ಸುಮಾರು 30ರಿಂದ 50 ಸಲ ಚಿಟಿಕೆಯಂಥ ಶಬ್ದ ಹೊರಡಿಸುತ್ತವಂತೆ. ನೀರುಂಡ ಗಿಡದ್ದು ಗಂಟೆಗೆ ಒಂದೂ ಇಲ್ಲ. ಮನುಷ್ಯರ ಕಿವಿಗೆ ಅದು ನಿಲುಕದು, ಯಂತ್ರಕ್ಕೆ ಗೊತ್ತು. ಮಳೆ ಕಡಿಮೆಯಾದ ಅನಂತಪುರ ಜಿಲ್ಲೆಯವರು ಇದನ್ನು ಓದಿ ನಗುವಂತಿಲ್ಲ. ಕಡಲೆಕಾಯಿ ಹೊಲ ಬಾಡುವುದನ್ನು ಕಂಡವರಿಗೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಜಾತ್ರೆ ಬಂತೆಂದರೆ ಧ್ವನಿವರ್ಧಕದ ಕೊಳವೆಯನ್ನು ಕಟ್ಟುವುದು ಇಂಥ ಮರಕ್ಕೇ. ಸೀರಿಯಲ್ ಲೈಟಿಗೆ ಮೊಳೆ ಹೊಡೆಯುವುದೂ ಅದಕ್ಕೇ. ಭಕ್ತಿಯಿಂದಲೇ ಹಾಗೆ ಮಾಡುತ್ತಾರೆ, ಸರಿ. ಆದರೆ ದಾರ ಸುತ್ತಿದ ಮೈಗೇ ಮೊಳೆಯೂ ಬೀಳುತ್ತದೆ. ಚಂದಕ್ಕೆಂದು ಬುಡದವರೆಗೂ ಸಿಮೆಂಟು ಬಳಿದರೆ ಎರೆದ ನೀರು ಬೇರಿಗೆ ಇಳಿಯುವುದಾದರೂ ಎಲ್ಲಿಂದ?

ಆದ್ದರಿಂದ ಕಟ್ಟೆ ಕಟ್ಟಿಸುವವರು ಕಾಂಡದ ಸುತ್ತ ಎರಡು ಮೊಳ ಮಣ್ಣು ಬಿಡಬೇಕು. ಕೊಳವೆಗೆ ಬೇರೆ ಕಂಬ ನೆಡಬೇಕು. ಬೆಳಗಿನ ಅಭಿಷೇಕ ಮುಗಿದ ಮೇಲೆ ಅರ್ಧ ಗಂಟೆ ಮೈಕು ನಿಲ್ಲಿಸಿ, ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಬೇಕು. ಮೊದಲ ದಿನ ಅವರು ಗಲಾಟೆ ಮಾಡಿಯೇ ಮಾಡುತ್ತಾರೆ, ಗದರಬೇಡಿ. ಕೇಳಿದ ಸದ್ದಿಗೆ ತಮ್ಮದೇ ಪದ ಕಟ್ಟಿ ತರಲಿ, ಸಂಜೆಯ ಭಜನೆಯಲ್ಲಿ ಹಾಡಲಿ. ತಾಳ ತಪ್ಪಿದರೂ ಚಿಂತೆಯಿಲ್ಲ.