ಎಣಿಸುವ ಮೊದಲೇ ಕೂಡಿಸಿದ ಲೆಕ್ಕ

 

ತಮಿಳುನಾಡಿನ ಮತದಾರರು ಲೋಕಸಭೆಗೆ ಮತ ಹಾಕಿದ್ದು 2024ರ ಏಪ್ರಿಲ್ 19ರಂದು. ಎಣಿಕೆ ನಡೆದದ್ದು ಜೂನ್ 4ರಂದು. ನಡುವೆ ಆರು ವಾರಕ್ಕೂ ಹೆಚ್ಚು ಕಾಲ ಜನರು ಕಾದರು. ಆದರೆ ಜೂನ್ 1ರ ಸಂಜೆ ಆರೂವರೆಗೆ ಕಾನೂನಿನ ನಿರ್ಬಂಧ ತೆರವಾದ ಕೂಡಲೇ, ವಾಹಿನಿಗಳಿಗೆ ಇನ್ನು ಮೂರು ದಿನ ಕಾಯುವುದು ಅಸಾಧ್ಯವಾಯಿತು. ಆಡಳಿತ ಮೈತ್ರಿಕೂಟಕ್ಕೆ 350ಕ್ಕಿಂತ ಹೆಚ್ಚು ಸ್ಥಾನಗಳೆಂದು ಬಹುತೇಕ ಮತಗಟ್ಟೆ ಸಮೀಕ್ಷೆಗಳು ಸಾರಿದವು. ಕೆಲವು 400ರ ಗಡಿಯನ್ನೂ ಮುಟ್ಟಿಸಿದವು. ಬಂದದ್ದು 293.

ಅಂದಾಜು ತಪ್ಪಿದ್ದು ದೊಡ್ಡ ಮಾತಲ್ಲ, ಅಂದಾಜು ತಪ್ಪುತ್ತದೆ. ಅದನ್ನು ಫಲಿತಾಂಶವೆಂಬಂತೆ ಬಿತ್ತರಿಸಿದ್ದಕ್ಕೆ ಬೆಲೆ ತೆತ್ತವರು ಯಾರು? ಜೂನ್ 3ರ ಸೋಮವಾರ ಸೆನ್ಸೆಕ್ಸ್ ಸುಮಾರು 2,500 ಅಂಶ ಏರಿತು. ಮರುದಿನ ಸುಮಾರು 4,390 ಅಂಶ ಕುಸಿಯಿತು. ಸರ್ಕಾರಿ ಸ್ವಾಮ್ಯದ ಕಂಪನಿಗಳ ಷೇರುಗಳಿಗೆ ಬಿದ್ದ ಪೆಟ್ಟು ಇನ್ನೂ ಜೋರು. (ಇದೇ ಮಣಲಿಯ ತೈಲ ಸಂಸ್ಕರಣಾಗಾರವೂ ಷೇರುಪೇಟೆಯಲ್ಲಿರುವ ಅಂಥದೇ ಕಂಪನಿಯದು.) ಭಾನುವಾರ ಟಿ.ವಿ. ನೋಡಿ ಸೋಮವಾರ ಕೊಂಡವನಿಗೆ ಮಂಗಳವಾರ ಯಾವ ವಾಹಿನಿಯೂ ನಷ್ಟ ತುಂಬಿಕೊಡಲಿಲ್ಲ.

ಲೆಕ್ಕಪರಿಶೋಧಕರಿಗೆ ಈ ಸ್ವಾತಂತ್ರ್ಯವಿಲ್ಲ. ಮುಂದಿನ ವ್ಯವಹಾರಗಳನ್ನು ಅವಲಂಬಿಸಿದ ಗಳಿಕೆಯ ಅಂದಾಜೊಂದರ ನಿಖರತೆಗೆ ತಾನೇ ಹೊಣೆಯೆಂಬ ನಂಬಿಕೆ ಹುಟ್ಟುವಂತೆ ಲೆಕ್ಕಪರಿಶೋಧಕನು ತನ್ನ ಹೆಸರನ್ನು ಬಳಸಗೊಟ್ಟರೆ, 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ಅದು ವೃತ್ತಿ ದುರ್ನಡತೆ. ಅಂದಾಜನ್ನು ಪರಿಶೀಲಿಸಬಹುದು, ಅದರ ಆಧಾರಗಳನ್ನು ತೆರೆದಿಡಬಹುದು. ಆಗಿಯೇ ತೀರುತ್ತದೆಂದು ಸಹಿ ಹಾಕುವಂತಿಲ್ಲ. ಸುದ್ದಿಮಾಧ್ಯಮದಿಂದ ಇಷ್ಟನ್ನೇ ನಿರೀಕ್ಷಿಸಿದರೆ ಅತಿಯಾದೀತೇ?

ಮುನ್ನೋಟವನ್ನೇ ನಿಷೇಧಿಸಬೇಕೆಂದಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮುನ್ಸೂಚನೆ ಪ್ರಕಟವಾಗದಿದ್ದರೆ ಮಣಲಿ, ಎಣ್ಣೂರಿನ ಜನರ ಪಾಡು ಇನ್ನಷ್ಟು ಕೆಡುತ್ತಿತ್ತು. ಹವಾಮಾನ ಇಲಾಖೆ ಹೊಸ ಮಾಹಿತಿ ಬಂದಂತೆ ತನ್ನ ಮಾತನ್ನು ತಿದ್ದಿಕೊಳ್ಳುತ್ತದೆ. ಮೇಲಾಗಿ, ಮುನ್ಸೂಚನೆ ಕೇಳಿ ಚಂಡಮಾರುತ ದಿಕ್ಕು ಬದಲಿಸುವುದಿಲ್ಲ. ಮತದಾರ ಬದಲಿಸಬಹುದು, ಷೇರುಪೇಟೆಯಂತೂ ಬದಲಿಸಿಯೇ ಬಿಡುತ್ತದೆ. ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯವರೆಗೆ ಮತಗಟ್ಟೆ ಸಮೀಕ್ಷೆಯನ್ನು ಪ್ರಕಟಿಸಕೂಡದೆಂದು ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಮತದಾರನನ್ನು ಕಾಪಾಡಿದೆ. ಹೂಡಿಕೆದಾರನಿಗೆ ಅಂಥ ರಕ್ಷಣೆಯಿಲ್ಲ.

ಎಷ್ಟು ಜನರನ್ನು, ಎಲ್ಲಿ ಕೇಳಿದರು, ಮತಪ್ರಮಾಣವನ್ನು ಸ್ಥಾನಗಳಾಗಿ ಪರಿವರ್ತಿಸಿದ ಬಗೆ ಯಾವುದು, ಅದೇ ಸಂಸ್ಥೆಯ ಹಿಂದಿನ ಅಂದಾಜು ಎಷ್ಟರಮಟ್ಟಿಗೆ ಹುಸಿಹೋಗಿತ್ತು ಎಂಬುದನ್ನು ವಾಹಿನಿಗಳು ಅಂಕಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರಗಳಲ್ಲಿ ತೋರಿಸಲಿ. ಕಂಪನಿಗಳ ಆಸ್ತಿ-ಹೊಣೆ ಪಟ್ಟಿಯಲ್ಲಿ ಹಿಂದಿನ ವರ್ಷದ ಅಂಕಿಗೆ ಹೀಗೆಯೇ ಪಕ್ಕದಲ್ಲೊಂದು ಕಾಲಂ ಇರುತ್ತದೆ.