ಹದಿಮೂರು ದಿನಗಳ ಅರಸು



ಲೋಕದಲ್ಲಿ ಸಿಂಹಾಸನವು ಪ್ರಾಯಶಃ ಎರಡು ಮಾರ್ಗಗಳಿಂದ ದೊರೆಯುವುದು. ಒಂದು ಜನ್ಮದಿಂದ, ಮತ್ತೊಂದು ಖಡ್ಗದಿಂದ. ಇವೆರಡರ ಬಲವೂ ಇಲ್ಲದ ಒಬ್ಬ ಒಕ್ಕಲುಮಗನನ್ನು ಪ್ರಜೆಗಳ ಸಂಕಟವೇ ಅರಸುಪದವಿಗೆ ಏರಿಸಿದ ವೃತ್ತಾಂತವೊಂದು ಕೊಡಗು-ತುಳುನಾಡುಗಳ ಚರಿತ್ರೆಯಲ್ಲಿದೆ. ಆತನೇ ಶನಿವಾರಸಂತೆಯ ಪುಟ್ಟಬಸಪ್ಪನು. ಜನರು ಆತನನ್ನು ಕಲ್ಯಾಣಸ್ವಾಮಿ, ಕಲ್ಯಾಣಪ್ಪ ಎಂದು ಕರೆದರು.

ತುಳುನಾಡಿಗೆ ಅರಸುಮನೆತನಗಳೇನೂ ಹೊಸತಲ್ಲ. ಮೂಡಬಿದಿರೆಯಲ್ಲಿ ಚೌಟರ ಅರಮನೆಯಿದ್ದಿತು. ವೇಣೂರಿನಲ್ಲಿ ಅಜಿಲರು ಆಳಿದರು, ಅಲ್ಲಿಯ ಗೊಮ್ಮಟಮೂರ್ತಿಯು 1604ರಲ್ಲಿ ಪ್ರತಿಷ್ಠೆಗೊಂಡುದು ಆ ಮನೆತನದ ತಿಮ್ಮಣ್ಣಾಜಿಲನಿಂದ. ಬೆಳ್ತಂಗಡಿ ಸೀಮೆಯ ಬಂಗಾಡಿಯೂ ಬಂಟ್ವಾಳ ಸೀಮೆಯಲ್ಲಿ ನೇತ್ರಾವತೀ ತೀರದ ನಂದಾವರವೂ ಬಂಗರಸರ ನೆಲೆಗಳು. ಇವರೆಲ್ಲರೂ ಜೈನಮತಾವಲಂಬಿಗಳು, ಇವರ ಪಟ್ಟವು ಅಳಿಯಸಂತಾನದ ಕಟ್ಟಳೆಯಂತೆ ಸೋದರಮಾವನಿಂದ ಸೋದರಳಿಯನಿಗೆ ಸಲ್ಲುತ್ತಿದ್ದಿತು. ಮುಂದಿನ ಅರಸು ಯಾರೆಂಬುದು ಎಲ್ಲರಿಗೂ ಮೊದಲೇ ತಿಳಿದ ವಿಷಯ. ಆದರೆ 19ನೆಯ ಶತಮಾನದ ಆರಂಭದ ಹೊತ್ತಿಗೆ ಕುಂಪಣಿಯ ಆಡಳಿತದಲ್ಲಿ ಈ ಪಟ್ಟಗಳಿಗೆ ಹೆಸರು ಮಾತ್ರ ಉಳಿದಿದ್ದಿತೇ ಹೊರತು ನಾಡನ್ನಾಳುವ ಅಧಿಕಾರವು ಉಳಿದಿರಲಿಲ್ಲ.

ಘಟ್ಟದ ಮೇಲಣ ಕೊಡಗಿನಲ್ಲಿ ಹಾಲೇರಿ ವಂಶದ ಲಿಂಗವಂತ ಅರಸರು ಎರಡು ಶತಮಾನಕ್ಕೂ ಮಿಗಿಲಾಗಿ ಆಳಿದರು. ಆ ವಂಶದ ಮೂಲಪುರುಷನು ಕೆಳದಿಯ ಅರಸುಕುಲದವನೆಂದೂ, ಜಂಗಮವೇಷದಿಂದ ಹಾಲೇರಿಗೆ ಬಂದು ಜನರ ವಿಶ್ವಾಸವನ್ನು ಪಡೆದು ದೊರೆಯಾದನೆಂದೂ ಐತಿಹ್ಯವುಂಟು. 1834ರ ಏಪ್ರಿಲಿನಲ್ಲಿ ಕುಂಪಣಿಯವರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಾಶಿಗೆ ಕಳುಹಿಸಿದರು. ಕೊಡಗಿಗೆ ಸೇರಿದ್ದ ಅಮರ-ಸುಳ್ಯ ಪ್ರದೇಶವನ್ನು ಅಂದಿನ ಕೆನರಾ ಜಿಲ್ಲೆಗೆ ಕೂಡಿಸಿದರು.

ಈ ಸೇರ್ಪಡೆಯ ಪರಿಣಾಮವು ರೈತನ ಕಣಜಕ್ಕೇ ತಟ್ಟಿತು. ಹಾಲೇರಿಯ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುವ ವಾಡಿಕೆಯಿದ್ದಿತು. ಕುಂಪಣಿಯವರಾದರೋ ನಾಣ್ಯವನ್ನೇ ಕೇಳಿದರು. ನಾಣ್ಯವು ಬೇಕಾದರೆ ಭತ್ತವನ್ನು ಮಾರಬೇಕು. ಎಲ್ಲರೂ ಏಕಕಾಲದಲ್ಲಿ ಮಾರಹೊರಟರೆ ಬೆಲೆ ಇಳಿಯುವುದು. ಇಳಿದ ಬೆಲೆಯು ಕಂದಾಯಕ್ಕೆ ಸಾಲದಾದರೆ ಸಾಹುಕಾರನ ಬಾಗಿಲಿಗೆ ಹೋಗಬೇಕು. ಉಪ್ಪು ಮತ್ತು ಹೊಗೆಸೊಪ್ಪುಗಳ ಮೇಲಣ ತೆರಿಗೆಯ ಭಾರವು ಬೇರೆ. ಇಂತಹ ಸ್ಥಿತಿಯಲ್ಲಿ ಜನರು ಕಳೆದುಹೋದ ಅರಸೊತ್ತಿಗೆಯನ್ನು ನೆನೆದುದು ಆಶ್ಚರ್ಯವಲ್ಲ. ಹಾಲೇರಿ ವಂಶದವರೆಂದು ಹೇಳಿಕೊಂಡ ಅಪರಂಪಾರ, ಕಲ್ಯಾಣಸ್ವಾಮಿ ಎಂಬಿಬ್ಬರು ಒಬ್ಬರ ತರುವಾಯ ಒಬ್ಬರು ತಲೆಯೆತ್ತಿ ಕುಂಪಣಿಯವರಿಗೆ ಸೆರೆಸಿಕ್ಕಿದರು. ವ್ಯಕ್ತಿಗಳು ಸೆರೆಯಾದರೂ ಅವರ ಹೆಸರುಗಳು ಸೆರೆಯಾಗಲಿಲ್ಲ.

ಆಗ ಸುಳ್ಯ ಸೀಮೆಯ ಕೆದಂಬಾಡಿ ರಾಮಯ್ಯಗೌಡನೇ ಮೊದಲಾದ ಮುಖಂಡರು ಪುಟ್ಟಬಸಪ್ಪನನ್ನು ಪೂಮಲೆಯ ಕಾಡಿನಲ್ಲಿ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ನಿನ್ನೆಯವರೆಗೆ ನೇಗಿಲು ಹಿಡಿದವನು ಇಂದು ಸಾವಿರಾರು ಜನರ ದೊರೆ! 1837ರ ಮಾರ್ಚಿಯ ಕೊನೆಯಲ್ಲಿ ದಂಡು ಹೊರಟಿತು. ಬೆಳ್ಳಾರೆಯ ಸರಕಾರಿ ಕಚೇರಿಯು ವಶವಾಯಿತು. ಅಲ್ಲಿ ಆತನು ಜನರಿಗೆ ಅಭಯವನ್ನಿತ್ತು, ತನ್ನ ಆಳಿಕೆಯು ನೆಲೆಗೊಂಡರೆ ಉಪ್ಪು-ಹೊಗೆಸೊಪ್ಪುಗಳ ಮೇಲಣ ತೆರಿಗೆಯನ್ನು ತೆಗೆದುಹಾಕುವೆನೆಂದು ಸಾರಿದನು. ಬಡವನ ಅಡಿಗೆಮನೆಯನ್ನು ಬಲ್ಲವನಿಗಲ್ಲದೆ ಉಪ್ಪಿನ ಸುಂಕವು ಮೊದಲಿಗೆ ನೆನಪಾಗುವುದೇ?

ದಂಡು ಬಂಟ್ವಾಳಕ್ಕೆ ಬಂದಾಗ ನಂದಾವರದ ಲಕ್ಷ್ಮಪ್ಪ ಬಂಗರಸನು ಅದರೊಡನೆ ಕೂಡಿದನು. ಈ ಸಂಗತಿಯನ್ನು ಮನಸ್ಸಿಟ್ಟು ಯೋಚಿಸಬೇಕು. ಹುಟ್ಟಿನಿಂದ ಅರಸನಾದ ಜೈನ ಪ್ರಭುವು ಜನರಿಂದ ಅರಸನಾದ ಒಕ್ಕಲುಮಗನ ಪಕ್ಕದಲ್ಲಿ ನಿಂತನು. ಗೌಡ ಒಕ್ಕಲಿಗರು ಇಬ್ಬರಿಗೂ ಬೆಂಬಲವಾದರು. ಏಪ್ರಿಲ್ 5ರಂದು ದಂಡು ಮಂಗಳೂರನ್ನು ಹೊಕ್ಕಿತು. ಬಾವುಟಗುಡ್ಡದ ಮೇಲೆ ಕುಂಪಣಿಯ ನಿಶಾನೆಯು ಇಳಿದು ಜನರ ನಿಶಾನೆಯು ಏರಿತು. ಹದಿಮೂರು ದಿನಗಳ ಕಾಲ ಮಂಗಳೂರು ಕಲ್ಯಾಣಪ್ಪನ ಆಳಿಕೆಯಲ್ಲಿದ್ದಿತು.

ಅಷ್ಟರೊಳಗೆ ಕಣ್ಣಾನೂರಿನಿಂದಲೂ ಮುಂಬಯಿಯಿಂದಲೂ ಕುಂಪಣಿಯ ಸೈನ್ಯಗಳು ಬಂದಿಳಿದವು. ರೈತರ ದಂಡು ಚದುರಿತು, ಮುಖಂಡರು ಸೆರೆಯಾದರು. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯಗೌಡನಿಗೆ ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಅದೇ ಗತಿಯಾಯಿತು. ಯಾವ ಸಿಂಹಾಸನದ ಹೆಸರಿನಲ್ಲಿ ಇವರು ಕಾದಾಡಿದರೋ ಆ ಸಿಂಹಾಸನದ ನಿಜವಾದ ಒಡೆಯನು ಆಗ ಕಾಶಿಯಲ್ಲಿದ್ದನು. ಮುಂದೆ 1852ರಲ್ಲಿ ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ತನ್ನದಲ್ಲದ ಹೆಸರನ್ನು ಹೊತ್ತುದು ಅಸತ್ಯವಲ್ಲವೇ? ಅಸತ್ಯವೇ ಸರಿ; ಅದನ್ನು ಮರೆಮಾಚುವುದು ಸಲ್ಲದು. ದಂಗೆಯ ಆರಂಭದಲ್ಲಿ ಸರಕಾರದ ಪಕ್ಷದ ಅಧಿಕಾರಿಯೊಬ್ಬನ ವಧೆಯಾದುದೂ ನಿಜ, ಅದನ್ನು ಧರ್ಮವೆನ್ನಲಾಗದು. ಆದರೆ ಎರವಲು ಹೆಸರಿನಿಂದ ಭೋಗವನ್ನು ಪಡೆದವನು ಒಂದು ತೆರನಾದರೆ, ಆ ಹೆಸರಿಗೆ ಬಂದ ಮರಣದಂಡನೆಯನ್ನು ತನ್ನ ಕೊರಳಿನಿಂದಲೇ ತೀರಿಸಿದವನು ಇನ್ನೊಂದು ತೆರ. ಪುಟ್ಟಬಸಪ್ಪನಿಗೆ ಅರಸುತನದಿಂದ ಅರಮನೆ ದೊರೆಯಲಿಲ್ಲ, ಬೊಕ್ಕಸವು ಉಳಿಯಲಿಲ್ಲ. ಹೊಣೆಯು ಮಾತ್ರ ದೊರೆಯಿತು.

ಜನರ ನಾಲಗೆಯಲ್ಲಿ ಈ ದಂಗೆಯು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರಿನಿಂದಲೇ ಉಳಿಯಿತು; ಕೇಳಿದವರಿಗೆ ಅದು ಬರಿಯ ಕಾಟವಾಗಿ ತೋರಿತು. 1857ಕ್ಕೆ ಇಪ್ಪತ್ತು ವರ್ಷ ಮೊದಲೇ ನಡೆದ ಈ ಹೋರಾಟವನ್ನು ಅಮರ-ಸುಳ್ಯದ ಸ್ವಾತಂತ್ರ್ಯ ಸಮರವೆಂದು ಗೌರವಿಸುವ ರೂಢಿಯು ತಡವಾಗಿ ಬಂದಿತು. 2022ರಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯು ಅನಾವರಣಗೊಂಡಿತು.

ಮಹಾಶಯರೇ, ಪದವಿಯು ಬಯಸಿ ಬರಲಿ, ಬಯಸದೆ ಬರಲಿ, ಅದನ್ನು ಅಳೆಯುವ ಕೊಳಗ ಒಂದೇ: ಅದರಲ್ಲಿ ಕುಳಿತವನಿಗೆ ಯಾರ ಹಸಿವು ಮೊದಲು ನೆನಪಾಯಿತು ಎಂಬುದು. ಹದಿಮೂರು ದಿನಗಳ ಈ ಅರಸನಿಗೆ ಬಡವನ ಗಂಜಿಯ ಉಪ್ಪು ನೆನಪಾಗಿದ್ದಿತು. ಅಷ್ಟರಮಟ್ಟಿಗೆ ಆತನು ಅರಸನೇ ಸರಿ.